ಸುಮ್ಮನೆ ಓದುವುದಕ್ಕೊಂದು ಸಣ್ಣ ಊರು

ಓದುವುದನ್ನು ಯಾಕೆ ಬಿಟ್ಟಿರಿ ಎಂದು ಯಾರನ್ನು ಕೇಳಿದರೂ ಸಿಗುವ ಉತ್ತರ ಒಂದೇ: ಪುರುಸೊತ್ತಿಲ್ಲ. ಇದನ್ನು ನಾನು ನಂಬುವುದಿಲ್ಲ. ಪುರುಸೊತ್ತೇ ಇಲ್ಲದ ಕಾಲದಲ್ಲಿ ನಮ್ಮ ಜನ ಧಾರಾಳವಾಗಿ ಓದಿದ್ದಾರೆ. ಒಲೆಯ ಮೇಲೆ ಸಾರು ಕುದಿಯುವಷ್ಟರಲ್ಲಿ ವಾರಪತ್ರಿಕೆಯ ಧಾರಾವಾಹಿಯ ಒಂದು ಕಂತು ಮುಗಿಸುತ್ತಿದ್ದ ಹೆಂಗಸರು, ಬಸ್ ಸ್ಟ್ಯಾಂಡಿನಲ್ಲಿ ಪತ್ತೇದಾರಿ ಕಾದಂಬರಿ ಹಿಡಿದು ಕೂತು ಬಸ್ಸನ್ನೇ ತಪ್ಪಿಸಿಕೊಳ್ಳುತ್ತಿದ್ದ ಹುಡುಗರು, ಅಂಗಡಿಯ ಗಲ್ಲಾದ ಮೇಲೆ ಕಾದಂಬರಿ ಬೋರಲು ಹಾಕಿ ಗಿರಾಕಿಗೆ ಸಾಮಾನು ಕಟ್ಟಿಕೊಡುತ್ತಿದ್ದ ಶೆಟ್ಟರು, ಇವರಿಗೆಲ್ಲ ನಮಗಿಂತ ಹೆಚ್ಚು ಬಿಡುವಿತ್ತು ಎಂದು ಹೇಳಲು ಯಾವ ಆಧಾರವೂ ಇಲ್ಲ. ಅವರಲ್ಲಿ ಇದ್ದದ್ದು ಆಸೆ. ಮುಂದೇನಾಯಿತು ಎಂದು ತಿಳಿಯುವ ಆಸೆ. ಅದು ಹೋದ ಮೇಲೆ ಬಿಡುವು ಎಷ್ಟಿದ್ದರೂ ಪುಸ್ತಕ ಕೈಗೆ ಬರುವುದಿಲ್ಲ.

ಆಸೆ ಹೋದದ್ದು ಹೇಗೆ? ಓದನ್ನು ನಾವು ಕರ್ತವ್ಯಗಳ ಪಟ್ಟಿಗೆ ಸೇರಿಸಿದೆವು. ಶಾಲೆಯಲ್ಲಿ ಅಂಕಕ್ಕಾಗಿ ಓದು, ಕಾಲೇಜು ಮುಗಿದ ಮೇಲೆ ಸ್ಪರ್ಧಾತ್ಮಕ ಪರೀಕ್ಷೆಗಾಗಿ ಓದು, ನೌಕರಿ ಸಿಕ್ಕ ಮೇಲೆ ವ್ಯಕ್ತಿತ್ವ ವಿಕಸನಕ್ಕಾಗಿ ಓದು. ಸಾಹಿತ್ಯದವರ ಸಹವಾಸದಲ್ಲಿದ್ದರೆ ಇನ್ನೊಂದು ಬಗೆಯ ಒತ್ತಡ: ಇದನ್ನು ಓದಿಲ್ಲವೆ, ಅದನ್ನು ಓದಿಲ್ಲವೆ. ಓದುವುದು ಒಳ್ಳೆಯದು ಎಂದು ಎಷ್ಟು ಸಲ ಹೇಳಿದ್ದೇವೆಂದರೆ, ಅದು ಖುಷಿಯ ಸಂಗತಿ ಎಂದು ಹೇಳುವುದೇ ಬಿಟ್ಟುಹೋಗಿದೆ. ಆ ಖುಷಿ ಮರಳಿ ಬರಬೇಕಾದರೆ, ಒಂದು ಸಣ್ಣ ಊರಿನಲ್ಲಿ ನಡೆಯುವ, ನಗಿಸುವ, ಹಗುರವಾದ ಕಾದಂಬರಿಗಿಂತ ಒಳ್ಳೆಯ ದಾರಿ ಇಲ್ಲ ಎಂಬುದು ನನ್ನ ವಾದ. ಅಂಥದ್ದನ್ನು ಓದುವುದಕ್ಕೆ ಯಾರ ಮುಂದೆಯೂ ಸಮಜಾಯಿಷಿ ಕೊಡಬೇಕಾಗಿಲ್ಲ ಎಂಬುದು ಅದಕ್ಕಿಂತ ದೊಡ್ಡ ವಾದ.

ನಾನು ಓದನ್ನೇ ಕೆಲಸ ಮಾಡಿಕೊಂಡವನು. ಕರಡು ತಿದ್ದುವುದು, ಪುಸ್ತಕ ಪರಿಚಯ ಬರೆಯುವುದು, ಯಾರದೋ ಹಸ್ತಪ್ರತಿಗೆ ಅಭಿಪ್ರಾಯ ಹೇಳುವುದು, ಹೀಗೆ ವರ್ಷಗಟ್ಟಲೆ ಪೆನ್ಸಿಲ್ ಹಿಡಿದೇ ಓದಿದ್ದೇನೆ. ಒಂದು ಮಳೆಗಾಲದಲ್ಲಿ ಮಲೆನಾಡಿನ ಚಿಕ್ಕಮ್ಮನ ಮನೆಯಲ್ಲಿದ್ದಾಗ ಅವರ ಮಗಳ ಹಳೆಯ ಕಾಲೇಜು ಪುಸ್ತಕಗಳ ನಡುವೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಸಿಕ್ಕಿತು. ಬೆನ್ನು ಕಿತ್ತುಹೋಗಿ ಅಂಟುಪಟ್ಟಿ ಹಚ್ಚಿದ್ದ ಪ್ರತಿ. ಹಿಂದೆ ಓದಿದ್ದೆ, ಅದರ ಬಗ್ಗೆ ಮಾತಾಡಿಯೂ ಇದ್ದೆ. ಕರೆಂಟಿರಲಿಲ್ಲ, ಬೇರೆ ಕೆಲಸವೂ ಇರಲಿಲ್ಲ, ಕಿಟಕಿಯ ಪಕ್ಕ ಕೂತು ಶುರುಮಾಡಿದೆ. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಚಿಕ್ಕಮ್ಮ ಕೇಳಿದರು: “ಏನೋ ಅದು, ಒಬ್ನೇ ನಗ್ತಾ ಇದೀಯ? ಜೋರಾಗಿ ಓದು ಮಾರಾಯ, ನಾನೂ ಕೇಳ್ತೀನಿ.” ಓದಿದೆ. ಅವರು ಹಲಸಿನ ಬೀಜ ಸುಲಿಯುತ್ತ ಕೇಳಿದರು. ಕತೆಯಲ್ಲಿ ಮಂದಣ್ಣ ಬಂದಾಗ ಕೈ ನಿಲ್ಲಿಸಿ, “ಇಂಥವನು ನಮ್ಮೂರಲ್ಲೂ ಒಬ್ಬ ಇದ್ದ ಕಣೋ” ಎಂದು ಅವನ ಕತೆ ಶುರುಮಾಡಿದರು. ಪುಸ್ತಕ ಅಲ್ಲಿಗೇ ನಿಂತಿತು, ಕತೆ ನಿಲ್ಲಲಿಲ್ಲ.

ಆ ಕಾದಂಬರಿ ಮಾಡುವ ಕೆಲಸವನ್ನು ಕೊಂಚ ಹತ್ತಿರದಿಂದ ನೋಡಬೇಕು. ‘ಕರ್ವಾಲೊ’ ಬಂದದ್ದು 1980ರಲ್ಲಿ. ಊರು ಮೂಡಿಗೆರೆ, ತೇಜಸ್ವಿಯವರು ತೋಟ ಮಾಡಿಕೊಂಡು ಬದುಕಿದ, 2007ರಲ್ಲಿ ತೀರಿಕೊಂಡ ಊರು. ಗದ್ದೆ ತೋಟದ ತಾಪತ್ರಯಗಳಲ್ಲಿ ಮುಳುಗಿರುವ ನಿರೂಪಕನಿಗೆ ಜೇನಿನ ನೆಪದಲ್ಲಿ ಮಂದಣ್ಣನ ಪರಿಚಯವಾಗುತ್ತದೆ. ಊರಿನವರ ಲೆಕ್ಕದಲ್ಲಿ ಮಂದಣ್ಣ ಕೆಲಸಕ್ಕೆ ಬಾರದವನು. ಅವನ ಆಸೆಗಳೂ ಸಣ್ಣವು: ಒಂದು ಜವಾನನ ನೌಕರಿ, ಒಂದು ಮದುವೆ. ಅಂಥವನನ್ನು ಕರ್ವಾಲೊ ಎಂಬ ದೊಡ್ಡ ವಿಜ್ಞಾನಿ ತನ್ನ ಶಿಷ್ಯನಂತೆ, ಎಷ್ಟೋ ಸಲ ತನಗೆ ಸಮಾನನಂತೆ ಕಾಣುತ್ತಾನೆ ಎಂದು ಗೊತ್ತಾದಾಗ ನಿರೂಪಕನಿಗೆ ತಲೆ ಕೆಟ್ಟುಹೋಗುತ್ತದೆ. ನಮಗೂ ಅಷ್ಟೆ. ಯಾಕೆಂದರೆ ಅಷ್ಟು ಹೊತ್ತು ಮಂದಣ್ಣನನ್ನು ನೋಡಿ ನಕ್ಕಿದ್ದೇವೆ. ಕಾಡಿನ ಹುಳ, ಹಕ್ಕಿ, ಓತಿಗಳನ್ನು ಅವನಷ್ಟು ಚೆನ್ನಾಗಿ ನೋಡಬಲ್ಲ ಕಣ್ಣು ಇಡೀ ತಾಲ್ಲೂಕಿನಲ್ಲಿ ಇಲ್ಲ ಎಂಬುದು ಕರ್ವಾಲೊಗೆ ಗೊತ್ತಿದೆ, ಊರಿಗೆ ಗೊತ್ತಿಲ್ಲ. ಮಂದಣ್ಣನಿಗಂತೂ ಇದು ದೊಡ್ಡ ಸಂಗತಿ ಎಂದೇ ಅನ್ನಿಸಿಲ್ಲ.

ತೇಜಸ್ವಿ ಇದನ್ನು ಎಲ್ಲಿಯೂ ಪಾಠದ ಧಾಟಿಯಲ್ಲಿ ಹೇಳುವುದಿಲ್ಲ. ನಾಯಿ ಕಿವಿ, ಆಳು ಪ್ಯಾರ, ಫೋಟೋ ತೆಗೆಯುವ ಪ್ರಭಾಕರ, ಬಿರಿಯಾನಿಗೆ ಹೆಸರಾದ ಕರಿಯಪ್ಪ, ಇವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದಂತೆ ಬರುತ್ತಾರೆ. ಮಂದಣ್ಣನ ಮದುವೆ, ಅವನು ಸಿಕ್ಕಿಹಾಕಿಕೊಳ್ಳುವ ಕಳ್ಳಭಟ್ಟಿ ಕೇಸು, ಪೊಲೀಸರ ಓಡಾಟ, ಇವೆಲ್ಲದರ ಗದ್ದಲದಲ್ಲಿ ಓದುಗ ಕಾದಂಬರಿಯ ಉದ್ದೇಶವನ್ನೇ ಮರೆತು ನಗುತ್ತಿರುತ್ತಾನೆ. ಆಮೇಲೆ, ಯಾವಾಗ ಎಂದು ತಿಳಿಯದ ಹಾಗೆ, ಇಡೀ ಗುಂಪು ಒಂದು ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೊರಟಿರುತ್ತದೆ. ಬಿರಿಯಾನಿ ಕರಿಯಪ್ಪ ಬಂದಾಗ ನಾವು ನಗುವುದು ಅವನು ಆ ಕ್ಷಣ ಆಡಿದ ಮಾತಿಗಷ್ಟೇ ಅಲ್ಲ, ಅವನ ಬಗ್ಗೆ ಅಷ್ಟರೊಳಗೆ ನಮಗೆ ಗೊತ್ತಿರುವ ಎಲ್ಲದಕ್ಕೂ ಸೇರಿಸಿ.

ಸಣ್ಣ ಊರಿನ ಕಾದಂಬರಿಯ ಗುಟ್ಟು ಇಲ್ಲೇ ಇದೆ ಎಂದು ನನಗನ್ನಿಸುತ್ತದೆ. ಅಲ್ಲಿ ಒಮ್ಮೆ ಬಂದವರು ಮತ್ತೆ ಬರಲೇಬೇಕು. ಮಹಾನಗರದ ಕಾದಂಬರಿಯಲ್ಲಿ ಇಬ್ಬರು ಎರಡನೆಯ ಸಲ ಎದುರಾದರೆ ಅದಕ್ಕೆ ಕಾರಣ ಕೊಡಬೇಕು, ಇಲ್ಲದಿದ್ದರೆ ಓದುಗ ನಂಬುವುದಿಲ್ಲ. ಸಣ್ಣ ಊರಿನಲ್ಲಿ ಎದುರಾಗದಿದ್ದರೆ ಕಾರಣ ಕೊಡಬೇಕು. ಪೋಸ್ಟ್ ಮಾಸ್ತರರೇ ನಾಟಕದಲ್ಲಿ ಭೀಮ, ಪಂಚಾಯಿತಿ ಮೆಂಬರೇ ಸಾಲ ಕೊಟ್ಟವನು, ಮೇಷ್ಟರ ಹೆಂಡತಿಯೇ ಎದುರು ಪಕ್ಷದವನ ಅಕ್ಕ. ಒಬ್ಬರಿಗೆ ಇಷ್ಟೊಂದು ವೇಷಗಳಿರುವ ಕಡೆ ಕತೆ ಕಟ್ಟಬೇಕಾಗಿಲ್ಲ, ಅದಾಗಿಯೇ ಗಂಟು ಬೀಳುತ್ತದೆ. ನಗುವೂ ಅಷ್ಟೆ, ಪುಟದಿಂದ ಪುಟಕ್ಕೆ ಕೂಡುತ್ತ ಹೋಗುತ್ತದೆ. ಆರಂಭದಲ್ಲಿ ಓದಿದ ಒಂದು ಸಣ್ಣ ಸಂಗತಿ ಕೊನೆಯ ಹೊತ್ತಿಗೆ ಹೊಟ್ಟೆ ಹುಣ್ಣಾಗುವಷ್ಟು ನಗಿಸುತ್ತದೆ, ಏಕೆಂದರೆ ಅದನ್ನು ನೆನಪಿಟ್ಟುಕೊಂಡವರು ನಾವು. ಅಷ್ಟು ಹೊತ್ತಿಗೆ ಆ ಊರಿನವರೇ ಆಗಿಬಿಟ್ಟಿರುತ್ತೇವೆ. ಚಿಕ್ಕಮ್ಮ ತಮ್ಮೂರಿನ ಮಂದಣ್ಣನನ್ನು ನೆನೆದದ್ದು ಓದಿಗೆ ಅಡ್ಡಿಯಾಗಲಿಲ್ಲ. ಓದು ಕೆಲಸ ಮಾಡುತ್ತಿರುವುದಕ್ಕೆ ಅದಕ್ಕಿಂತ ಒಳ್ಳೆಯ ಗುರುತು ನನಗೆ ಗೊತ್ತಿಲ್ಲ.

ಇದು ನಮ್ಮಲ್ಲಿ ಮಾತ್ರ ಇರುವ ಗುಣವೂ ಅಲ್ಲ. ಕೆನಡಾದ ಸ್ಟೀಫನ್ ಲೀಕಾಕ್ ಮಾಂಟ್ರಿಯಲ್‌ನ ಮೆಗಿಲ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ, ರಾಜಕೀಯಶಾಸ್ತ್ರ ಕಲಿಸುತ್ತಿದ್ದ ಪ್ರಾಧ್ಯಾಪಕ. ಅವನು ಹೆಚ್ಚಾಗಿ ನೆನಪಿನಲ್ಲಿ ಉಳಿದದ್ದು 1912ರಲ್ಲಿ ಬರೆದ ಮಾರಿಪೋಸಾ ಎಂಬ ಸಣ್ಣ ಊರಿನ ನಗೆಯ ಕತೆಗಳಿಂದ. ಅವು ಮೊದಲು ಬಂದದ್ದು ದಿನಪತ್ರಿಕೆಯಲ್ಲಿ. ಎರಡನೆಯ ಮಹಾಯುದ್ಧ ಮುಗಿದ ಮೇಲಿನ ಇಟಲಿಯಲ್ಲಿ ಜೊವಾನ್ನಿನೊ ಗುವಾರೆಸ್ಕಿ ಪೋ ನದಿಯ ಬಯಲಿನ ಒಂದು ಹಳ್ಳಿಯ ಪಾದ್ರಿ ದಾನ್ ಕಮಿಲ್ಲೊ ಮತ್ತು ಅಲ್ಲಿನ ಕಮ್ಯುನಿಸ್ಟ್ ಮೇಯರ್ ಪೆಪ್ಪೊನೆಯ ಜಗಳಗಳನ್ನು ತನ್ನ ವಾರಪತ್ರಿಕೆಯಲ್ಲಿ ಬರೆದ. ದೇಶವೇ ಎರಡು ಪಾಳೆಯವಾಗಿದ್ದ ಹೊತ್ತಿನಲ್ಲಿ ಆ ಇಬ್ಬರೂ ಒಂದೇ ಊರಿನಲ್ಲಿ ಬದುಕಲೇಬೇಕಾಗಿತ್ತು ಎಂಬುದೇ ಆ ಕತೆಗಳ ಜೀವಾಳ. ಇವು ವಾರ ವಾರ, ದಿನಪತ್ರಿಕೆಯ ಮೂಲೆಯಲ್ಲಿ, ಕಾಯುವ ಓದುಗರ ನಡುವೆ ಹುಟ್ಟಿದವು ಎಂಬುದು ಕಾಕತಾಳೀಯ ಅಲ್ಲ. ಊರಿನ ಸುದ್ದಿ ಕೇಳುವ ಹಾಗೆಯೇ ಜನ ಇವುಗಳನ್ನೂ ಓದಿದರು.

ನಮ್ಮ ಮಟ್ಟಿಗೆ ಇಂಥ ಊರೆಂದರೆ ಮೊದಲು ನೆನಪಾಗುವುದು ಮಾಲ್ಗುಡಿ. 1930ರಲ್ಲಿ ಆರ್. ಕೆ. ನಾರಾಯಣ್ ಅಜ್ಜಿ ನೋಡಿಕೊಟ್ಟ ಒಳ್ಳೆಯ ದಿನ ಬೆಂಗಳೂರಿನಲ್ಲಿ ಒಂದು ನೋಟುಬುಕ್ಕು ಕೊಂಡು ಬರೆಯಲು ಕೂತಾಗ ಅವರಿಗೆ ಮೊದಲು ಕಂಡದ್ದು ಒಂದು ರೈಲು ನಿಲ್ದಾಣ, ಆಮೇಲೆ ಅದಕ್ಕೊಂದು ಊರು. ಲಂಡನ್ನಿನ ಪ್ರಕಾಶಕರಿಂದ ಆ ಹಸ್ತಪ್ರತಿ ಮತ್ತೆ ಮತ್ತೆ ವಾಪಸು ಬಂತು. ಕೊನೆಗೆ ಗ್ರಹಾಂ ಗ್ರೀನ್ ಅದನ್ನು ಓದಿ ಮೆಚ್ಚಿ ಪ್ರಕಾಶಕರನ್ನು ಹುಡುಕಿಕೊಟ್ಟದ್ದರಿಂದ 1935ರಲ್ಲಿ ಅಚ್ಚಾಯಿತು. ಇಂಗ್ಲಿಷಿನಲ್ಲಿ ಬರೆದ ಆ ಕತೆಗಳು ಕನ್ನಡದ ಬಹುಪಾಲು ಮನೆಗಳಿಗೆ ಬಂದದ್ದು ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ಧಾರಾವಾಹಿಯ ಮೂಲಕ, 1986-87ರ ಸುಮಾರಿಗೆ. ಅದನ್ನು ಹಿಂದಿಯಲ್ಲೇ ನೋಡಿದ ನಮ್ಮ ಜನ ಊರನ್ನು ಮಾತ್ರ ತಮ್ಮದೆಂದೇ ಗುರುತಿಸಿದರು. ಅಂದಹಾಗೆ, ನಾರಾಯಣ್ ಅವರ ತಮ್ಮ ಆರ್. ಕೆ. ಲಕ್ಷ್ಮಣ್ ದೊಡ್ಡ ಹೆಸರಾಗುವ ಮೊದಲು ವ್ಯಂಗ್ಯಚಿತ್ರ ಬರೆದದ್ದು ‘ಕೊರವಂಜಿ’ಗೆ, 1942ರಲ್ಲಿ ವೈದ್ಯರಾದ ರಾಶಿಯವರು ಶುರುಮಾಡಿದ ಕನ್ನಡದ ಹಾಸ್ಯ ಮಾಸಿಕಕ್ಕೆ. ನಗುವಿಗಾಗಿಯೇ ಒಂದು ಪತ್ರಿಕೆ ನಡೆಸಬಹುದು, ಅದನ್ನು ಮರ್ಯಾದಸ್ಥರು ದುಡ್ಡು ಕೊಟ್ಟು ಓದುತ್ತಾರೆ ಎಂಬ ನಂಬಿಕೆ ಆಗ ನಮ್ಮಲ್ಲಿತ್ತು.

ಆ ನಂಬಿಕೆ ಸಡಿಲವಾದದ್ದಕ್ಕೆ ತರಗತಿಯ ಕೋಣೆಯೂ ಕಾರಣ. ತೇಜಸ್ವಿಯವರದೇ ಇನ್ನೊಂದು ಕತೆ ‘ಕೃಷ್ಣೇಗೌಡನ ಆನೆ’, ‘ಕಿರಗೂರಿನ ಗಯ್ಯಾಳಿಗಳು’ ಸಂಕಲನದಲ್ಲಿದೆ. ಕನ್ನಡದಲ್ಲಿ ಒಂದು ಸಣ್ಣ ಊರನ್ನು ಇಷ್ಟು ನಗು, ಇಷ್ಟು ನಿಖರತೆಯೊಂದಿಗೆ ಹಿಡಿದ ಬರಹಗಳು ಕೆಲವೇ. ಮಠದಿಂದ ಬಂದ ಗೌರಿ ಎಂಬ ಆನೆ, ಅದರ ಮಾವುತ ವೇಲಾಯುಧ, ಅವರ ಸುತ್ತ ಅರಣ್ಯ ಇಲಾಖೆ, ವಿದ್ಯುತ್ ಇಲಾಖೆ, ಪುರಸಭೆ. ಕರೆಂಟು ಹೋದರೂ ಆನೆ ಕಾರಣ, ಊರಿನಲ್ಲಿ ಏನು ಕೆಟ್ಟರೂ ಆನೆಯ ಮೇಲೆ ದೂರು. ಒಂದು ಇಲಾಖೆಯವರು ಇನ್ನೊಂದು ಇಲಾಖೆಯವರ ಮೇಲೆ ಹೊರಿಸಿದ ತಪ್ಪು ಕೊನೆಗೆ ಮಾತು ಬಾರದ ಪ್ರಾಣಿಯ ಬೆನ್ನಿಗೆ ಬೀಳುವುದನ್ನು ಓದುತ್ತ ನಗು ತಡೆಯಲಾಗುವುದಿಲ್ಲ, ನಕ್ಕ ಮೇಲೆ ಸುಮ್ಮನಿರಲೂ ಆಗುವುದಿಲ್ಲ. ಈ ಕತೆ ದ್ವಿತೀಯ ಪಿಯುಸಿಗೆ ದೀರ್ಘಗದ್ಯವಾಗಿ ಪಠ್ಯವಾಯಿತು. ಆಯ್ಕೆ ಮಾಡಿದವರಿಗೆ ನನ್ನ ನಮಸ್ಕಾರ. ಆದರೆ ಅದು ಪರೀಕ್ಷೆಯೊಳಗೆ ಹೋದ ರೀತಿ ನೋಡಿ: ಆನೆಯ ಹೆಸರೇನು, ಮಾವುತನ ಹೆಸರೇನು, ಇದಕ್ಕೊಂದು ಅಂಕ, ಅದಕ್ಕೆರಡು ಅಂಕ, ಪಾತ್ರವನ್ನು ವಿವರಿಸಿ ಎಂದರೆ ನಾಲ್ಕು. ಗೈಡಿನಲ್ಲಿ ಎಲ್ಲದಕ್ಕೂ ಉತ್ತರ ಸಿದ್ಧವಾಗಿದೆ. ಕತೆಯನ್ನು ಓದದೆಯೇ ಪೂರ್ತಿ ಅಂಕ ತೆಗೆಯಬಹುದು, ಅನೇಕರು ತೆಗೆಯುತ್ತಾರೆ. ಹದಿನೇಳು ವರ್ಷದ ಹುಡುಗಿ ಬಿದ್ದು ಬಿದ್ದು ನಗಬೇಕಾಗಿದ್ದ ಪುಟದಲ್ಲಿ ಕೆಂಪು ಇಂಕಿನಲ್ಲಿ ‘ಮುಖ್ಯ’ ಎಂದು ಗೆರೆ ಎಳೆದಿರುವುದನ್ನು ನಾನು ನೋಡಿದ್ದೇನೆ. ಆ ಗೆರೆ ನನಗೆ ನಿಜವಾಗಿಯೂ ನೋವು ಕೊಟ್ಟಿತು.

ಮೇಷ್ಟ್ರುಗಳನ್ನು ದೂರುವುದು ನನ್ನ ಉದ್ದೇಶವಲ್ಲ. ಅವರಿಗೆ ಮುಗಿಸಬೇಕಾದ ಪಾಠಗಳಿವೆ, ತೋರಿಸಬೇಕಾದ ಫಲಿತಾಂಶವಿದೆ. ಆದರೂ ಬೇರೆ ದಾರಿ ಇದೆ. ಫ್ರಾನ್ಸಿನಲ್ಲಿ ಶಾಲಾ ಮಾಸ್ತರರಾಗಿದ್ದ ಕಾದಂಬರಿಕಾರ ಡಾನಿಯೆಲ್ ಪೆನಾಕ್ 1992ರಲ್ಲಿ ಓದಿನ ಬಗ್ಗೆ ಒಂದು ಪುಸ್ತಕ ಬರೆದರು. ಓದು ಎಂದರೆ ಮುಖ ತಿರುಗಿಸುವ ಮಕ್ಕಳ ಮುಂದೆ ಯಾವ ಪ್ರಶ್ನೆಯನ್ನೂ ಕೇಳದೆ, ಟಿಪ್ಪಣಿ ಬರೆಸದೆ, ಗಟ್ಟಿಯಾಗಿ ಕತೆ ಓದುತ್ತ ಹೋದರೆ ಏನಾಗುತ್ತದೆ ಎಂಬುದು ಅದರ ಮುಖ್ಯ ವಿಷಯ. ಕೊನೆಯಲ್ಲಿ ಅವರು ಓದುಗನ ಹತ್ತು ಹಕ್ಕುಗಳನ್ನು ಹೇಳುತ್ತಾರೆ. ಓದದೇ ಇರುವ ಹಕ್ಕು, ಪುಟ ಹಾರಿಸುವ ಹಕ್ಕು, ಅರ್ಧಕ್ಕೆ ಬಿಡುವ ಹಕ್ಕು ಅವುಗಳಲ್ಲಿ ಸೇರಿವೆ. ನಮ್ಮ ಶಾಲೆಗಳು ಈ ಮೂರರಲ್ಲಿ ಒಂದನ್ನೂ ಕೊಡುವುದಿಲ್ಲ.

ಹಗುರ ಓದಿನ ಪರ ವಾದಿಸುವವರು ಸಾಮಾನ್ಯವಾಗಿ ಇಲ್ಲಿಗೆ ಬಂದಾಗ ಒಂದು ತಿರುವು ತೆಗೆದುಕೊಳ್ಳುತ್ತಾರೆ. ‘ಕರ್ವಾಲೊ’ ಮೇಲ್ನೋಟಕ್ಕಷ್ಟೇ ಹಗುರ, ಒಳಗೆ ಜೀವವಿಕಾಸವಿದೆ, ಪರಿಸರವಿದೆ, ಜ್ಞಾನ ಯಾರಲ್ಲಿದೆ ಎಂಬ ಗಂಭೀರ ಪ್ರಶ್ನೆಯಿದೆ, ಆದ್ದರಿಂದ ಓದಬಹುದು ಎನ್ನುತ್ತಾರೆ. ಇದೆಲ್ಲ ಇರುವುದು ನಿಜ. ಕೊನೆಯ ಅಧ್ಯಾಯದಲ್ಲಿ ಆ ಓತಿ ಎಲ್ಲರ ಕಣ್ಣೆದುರೇ ಪ್ರಪಾತದ ಕಡೆಗೆ ತೇಲಿಹೋಗುವಾಗ ಕೋಟ್ಯಂತರ ವರ್ಷಗಳ ಕಾಲ ನಮ್ಮ ಮುಂದೆ ತೆರೆದುಕೊಂಡಂತಾಗುತ್ತದೆ. ಪುಸ್ತಕ ಮುಚ್ಚಿದ ಮೇಲೆ ಹಾರುವ ಓತಿ ನಿಜವಾಗಿಯೂ ಇದೆಯೇ ಎಂದು ಹುಡುಕದವರು ಕಡಿಮೆ. ಇದೆ. ಪಶ್ಚಿಮಘಟ್ಟದ ಕಾಡಿನಲ್ಲಿ, ಮಲೆನಾಡು ಕರಾವಳಿಯ ಅಡಿಕೆ ತೋಟಗಳಲ್ಲಿ ಈಗಲೂ ಇದೆ. ಉದ್ದನೆಯ ಪಕ್ಕೆಲುಬುಗಳನ್ನು ಹರಡಿದರೆ ಅವಕ್ಕೆ ಅಂಟಿದ ಚರ್ಮ ರೆಕ್ಕೆಯಂತೆ ಬಿಚ್ಚಿಕೊಳ್ಳುತ್ತದೆ, ಒಂದು ಮರದಿಂದ ಇನ್ನೊಂದಕ್ಕೆ ತೇಲಿಹೋಗುತ್ತದೆ. ಮರಕ್ಕೆ ಅಂಟಿ ಕೂತರೆ ತೊಗಟೆಯೋ ಓತಿಯೋ ತಿಳಿಯುವುದಿಲ್ಲ. ಗಂಡಿನ ಗಂಟಲಡಿಯ ಹಳದಿ ಪಟ್ಟಿ ಆಗಾಗ ಹೊರಚಾಚಿದಾಗ ಮಾತ್ರ ಕಣ್ಣಿಗೆ ಬೀಳುತ್ತದೆ. ಆ ಕಾದಂಬರಿ ಓದಿಯೇ ತೋಟದಲ್ಲಿ ತಲೆ ಎತ್ತಿ ನೋಡಲು ಕಲಿತವರನ್ನು ನಾನು ಬಲ್ಲೆ.

ಆದರೆ ಈ ವಾದಕ್ಕೆ ನನ್ನ ಒಪ್ಪಿಗೆ ಇಲ್ಲ. ಒಳಗೊಂದು ಗಂಭೀರ ವಿಷಯ ಅಡಗಿದ್ದರೆ ಮಾತ್ರ ನಗುವಿಗೆ ಪ್ರವೇಶ ಎಂದರೆ, ಓದನ್ನು ಮತ್ತೆ ಕರ್ತವ್ಯದ ಕೈಗೆ ಒಪ್ಪಿಸಿದಂತೆ. ‘ಕರ್ವಾಲೊ’ ಓದಿ ಜೀವವಿಕಾಸದ ಬಗ್ಗೆ ಒಂದು ಕ್ಷಣವೂ ಯೋಚಿಸದೆ, ಕಿವಿಯ ಕಿತಾಪತಿಗಳಿಗೆ ಮಾತ್ರ ನಕ್ಕು ಪುಸ್ತಕ ಮುಚ್ಚಿದವನು ಏನನ್ನೂ ಕಳೆದುಕೊಂಡಿಲ್ಲ. ಅವನಿಗೆ ಸಿಗಬೇಕಾದ್ದು ಸಿಕ್ಕಿದೆ. ಹಬ್ಬದ ಊಟವನ್ನು ಅದರಲ್ಲಿರುವ ಪೋಷಕಾಂಶ ಲೆಕ್ಕಹಾಕಿ ಸಮರ್ಥಿಸುವವರು ಯಾರೂ ಇಲ್ಲ. ಕಾದಂಬರಿಗೆ ಮಾತ್ರ ಈ ಪರೀಕ್ಷೆ ಯಾಕೆ? ಖುಷಿಯಿಂದ ಓದಿದವನು ಮುಂದೆ ಗಂಭೀರ ಸಾಹಿತ್ಯದ ಕಡೆಗೆ ಬರುತ್ತಾನೆ, ಇದು ಮೊದಲ ಮೆಟ್ಟಿಲು ಎಂಬ ಮಾತೂ ನನಗೆ ಹಿಡಿಸುವುದಿಲ್ಲ. ನಾನು ಕಂಡ ಒಳ್ಳೆಯ ಓದುಗರು ಮೆಟ್ಟಿಲು ಹತ್ತಿದವರಲ್ಲ, ಒಳಗೆ ಹೊರಗೆ ಓಡಾಡಿಕೊಂಡಿದ್ದವರು. ಬೆಳಿಗ್ಗೆ ಕುಮಾರವ್ಯಾಸ, ರಾತ್ರಿ ಬೀಚಿ. ಅವರಿಗೆ ಅದರಲ್ಲಿ ಯಾವ ವಿರೋಧವೂ ಕಂಡಿರಲಿಲ್ಲ.

ಕನ್ನಡದ ಓದುಗ ವರ್ಗ ಹುಟ್ಟಿದ್ದೇ ಹೀಗೆ. ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ಕಾದಂಬರಿಗಳನ್ನು ಬಂಗಾಳಿಯಿಂದ ತಂದದ್ದು, ಗಳಗನಾಥರು ಉತ್ತರ ಕರ್ನಾಟಕದ ಊರೂರಿಗೆ ಪುಸ್ತಕ ತಲುಪಿಸಿದ್ದು ಜನರಿಗೆ ಕತೆಯ ಹಸಿವಿದೆ ಎಂಬ ಭರವಸೆಯ ಮೇಲೆ. ಗಳಗನಾಥರು ಪುಸ್ತಕದ ಗಂಟು ಹೊತ್ತು ಮಾರಿದರು ಎಂಬ ಮಾತು ಇಂದಿಗೂ ಜನಜನಿತ. ಆಮೇಲೆ ಅನಕೃ ಬಂದರು, ತ್ರಿವೇಣಿ ಬಂದರು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಬಂದ. ಐನೂರಕ್ಕೂ ಹೆಚ್ಚು ಕಾದಂಬರಿ ಬರೆದ ನರಸಿಂಹಯ್ಯನವರಿಗೆ ಶಾಲೆಯ ಓದು ಅಷ್ಟಾಗಿ ಇರಲಿಲ್ಲ, ಆದರೆ ಅವರಿಂದ ಓದು ಕಲಿತ ಕನ್ನಡಿಗರು ಎಷ್ಟೋ ಮಂದಿ. ಇಂದು ನಾವು ಎಲ್ಲೆಡೆ ಹಾರಿಸುವ ಹಳದಿ ಕೆಂಪು ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. ಕನ್ನಡಕ್ಕಾಗಿ ಹೋರಾಡಿದವರಿಗೆ ಕನ್ನಡ ಓದಿಸುವ ಕತೆ ಬರೆಯುವುದೂ ಆ ಹೋರಾಟದ ಭಾಗವೇ ಆಗಿತ್ತು. ಊರೂರಿನ ಬಾಡಿಗೆ ಪುಸ್ತಕದ ಅಂಗಡಿಗಳಲ್ಲಿ ದಿನಕ್ಕೆ ಇಷ್ಟು ಪೈಸೆ ಕೊಟ್ಟು ಇವರನ್ನೆಲ್ಲ ಮನೆಗೆ ಒಯ್ಯುತ್ತಿದ್ದ ಕಾಲವನ್ನು ನೆನೆಸಿಕೊಳ್ಳುವವರು ಇನ್ನೂ ಇದ್ದಾರೆ.

ಇದರ ನಡುವೆ ನಮ್ಮ ವಿಮರ್ಶೆ ‘ಜನಪ್ರಿಯ’ ಎಂಬ ಮಾತನ್ನು ಬೈಗುಳವಾಗಿ ಬಳಸಲು ಶುರುಮಾಡಿತು. ನವ್ಯದ ಕಾಲದಲ್ಲಿ ಈ ಗೋಡೆ ಎತ್ತರವಾಯಿತು. ನವ್ಯ ಕೊಟ್ಟದ್ದು ಸಣ್ಣದಲ್ಲ, ಅದನ್ನು ಮರೆಯಬಾರದು. ಆದರೆ ಮನುಷ್ಯ ಒಂಟಿಯಾಗಿ ನರಳುವುದೇ ಸಾಹಿತ್ಯದ ಯೋಗ್ಯ ವಸ್ತು, ನಾಲ್ಕು ಜನ ಸೇರಿ ನಗುವುದು ಅಲ್ಲ ಎಂಬ ಭಾವನೆ ಹರಡಿದ್ದು ನಷ್ಟವೇ. 1973ರಲ್ಲಿ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಲ್ಲಿ ತೇಜಸ್ವಿ ನವ್ಯದಿಂದ ದೂರ ಸರಿದು ಬೇರೆ ದಾರಿ ಹಿಡಿಯುವುದಾಗಿ ಹೇಳಿದರು. ಏಳು ವರ್ಷಗಳ ನಂತರ ಬಂದ ‘ಕರ್ವಾಲೊ’ ಆ ಮಾತಿಗೆ ಸಾಕ್ಷಿಯಾಯಿತು. ಅದು ಓದುಗರ ಕೈ ತಪ್ಪಿದ್ದೇ ಇಲ್ಲ, ಇಂದಿಗೂ ಮರುಮುದ್ರಣವಾಗುತ್ತಲೇ ಇದೆ. ಜನ ಓದುವುದಿಲ್ಲ ಎನ್ನುವವರು ಈ ಒಂದು ಪುಸ್ತಕದ ಮುಂದೆ ನಿಂತು ಯೋಚಿಸಬೇಕು.

ಹಾಗೆಂದು ನಗಿಸುವುದೆಲ್ಲ ಒಂದೇ ತೂಕದ್ದಲ್ಲ. ಹೆಂಡತಿಯ ಮೇಲಿನ ಹಳಸಲು ಜೋಕುಗಳನ್ನು ಪೋಣಿಸಿ ಕಾದಂಬರಿ ಎಂದು ಕರೆದ ಪುಸ್ತಕಗಳೂ ನಮ್ಮಲ್ಲಿ ಬೇಕಾದಷ್ಟಿವೆ. ಬರೆಯುವವನು ತನ್ನ ಊರನ್ನು ಕಣ್ಣಿಟ್ಟು ನೋಡಿದ್ದಾನೆಯೆ, ಅದರ ಜನರ ಮೇಲೆ ಅವನಿಗೆ ಪ್ರೀತಿ ಇದೆಯೆ ಎಂಬುದು ಎರಡು ಪುಟದಲ್ಲಿ ಗೊತ್ತಾಗುತ್ತದೆ. ಗೊರೂರು ರಾಮಸ್ವಾಮಿ ಅಯ್ಯಂಗಾರರು ಹೇಮಾವತಿ ದಡದ ತಮ್ಮ ಊರಿನ ರಸಿಕರನ್ನು ಕುರಿತು ಬರೆದಾಗ ಯಾರನ್ನೂ ಮೇಲೆ ನಿಂತು ನೋಡಲಿಲ್ಲ. ಈ ಪ್ರೀತಿ ಇಲ್ಲದ ಹಾಸ್ಯ ಎರಡನೆಯ ಓದಿಗೆ ನಿಲ್ಲುವುದಿಲ್ಲ.

ಮೊಬೈಲಿನ ಮಾತನ್ನೂ ಆಡಲೇಬೇಕು. ಓದು ಹಾಳಾದದ್ದು ಅದರಿಂದಲೇ ಎಂಬುದು ಸುಲಭದ ಉತ್ತರ. ಅದರಲ್ಲಿ ಸಿಗುವ ಖುಷಿಯೂ ಖುಷಿಯೇ, ಅದನ್ನು ಹೀಯಾಳಿಸುವುದರಿಂದ ಯಾರೂ ಪುಸ್ತಕದ ಕಡೆಗೆ ಬರುವುದಿಲ್ಲ. ಮೂವತ್ತು ಸೆಕೆಂಡಿನ ವಿಡಿಯೋ ನಗಿಸುತ್ತದೆ, ಮುಂದಿನದಕ್ಕೆ ಬೆರಳು ಸರಿದಾಗ ಹಿಂದಿನದು ಅಳಿಸಿಹೋಗಿರುತ್ತದೆ. ಸಣ್ಣ ಊರಿನ ಕಾದಂಬರಿಗೆ ಅಂಥದೇ ಸಣ್ಣ ಸಣ್ಣ ಪ್ರಸಂಗಗಳಿವೆ, ಅಂಥದೇ ಆಡುಮಾತಿದೆ, ಅಧ್ಯಾಯಗಳು ಚಿಕ್ಕವು. ಆದರೆ ಅಲ್ಲಿ ಏನೂ ಅಳಿಸಿಹೋಗುವುದಿಲ್ಲ. ಗಮನ ಚದುರಿದವರಿಗೆ, ಎರಡು ಪುಟಕ್ಕೆ ಸುಸ್ತಾಗುವವರಿಗೆ ಮರಳಿ ಬರಲು ಇದೇ ಸರಿಯಾದ ಬಾಗಿಲು. ಪರ್ವತದಂಥ ಕೃತಿಯಿಂದ ಶುರುಮಾಡಿ ಮೂವತ್ತನೇ ಪುಟದಲ್ಲಿ ನಿಂತು, ತನಗೆ ಓದು ಹಿಡಿಸುವುದಿಲ್ಲ ಎಂದು ತೀರ್ಮಾನಿಸಿದವರು ನನ್ನ ಪರಿಚಯದಲ್ಲೇ ಸಾಕಷ್ಟಿದ್ದಾರೆ. ಅವರಿಗೆ ಹಿಡಿಸದಿದ್ದದ್ದು ಆ ಪುಸ್ತಕ, ಓದಲ್ಲ.

ಪುಸ್ತಕ ಸಿಗುವುದೆಲ್ಲಿ ಎಂಬುದೂ ದೊಡ್ಡ ಪ್ರಶ್ನೆಯೇ. ಬಾಡಿಗೆ ಅಂಗಡಿಗಳು ಮುಚ್ಚಿದವು. ಉಳಿದಿರುವುದು ಸಾರ್ವಜನಿಕ ಗ್ರಂಥಾಲಯ. 1965ರ ಕಾಯ್ದೆಯ ಪ್ರಕಾರ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ. 6ರಷ್ಟು ಗ್ರಂಥಾಲಯ ಕರವಿದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಐದೂವರೆ ಸಾವಿರಕ್ಕೂ ಹೆಚ್ಚು ಗ್ರಂಥಾಲಯಗಳಿವೆ. 2019ರಲ್ಲಿ ಅವು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದ ಮೇಲೆ ಎಷ್ಟೋ ಕಡೆ ಗೋಡೆಗೆ ಬಣ್ಣ ಬಂದಿದೆ, ಮಕ್ಕಳು ಬರುತ್ತಿದ್ದಾರೆ, ‘ಓದುವ ಬೆಳಕು’ ಎಂಬ ಹೆಸರಿನಲ್ಲಿ ಅವರನ್ನು ಸದಸ್ಯರನ್ನಾಗಿ ಮಾಡಲಾಗಿದೆ. ಇದು ಸಂತೋಷಪಡಬೇಕಾದ ಕೆಲಸ. ಆದರೆ ನಾನು ಹೋದ ಕಡೆಯಲ್ಲೆಲ್ಲ ಮೇಜಿನ ಮೇಲೆ ಹರಡಿದ್ದು ಸಾಮಾನ್ಯ ಜ್ಞಾನ, ಪ್ರಚಲಿತ ಘಟನೆ, ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ. ಕಾದಂಬರಿಗಳು ಹಿಂದಿನ ಕಬ್ಬಿಣದ ಬೀರುವಿನಲ್ಲಿ. ಒಂದು ಕಡೆ ಬೀರುವಿಗೆ ಬೀಗ ಹಾಕಿತ್ತು. ಕೇಳಿದಾಗ ಮೇಲ್ವಿಚಾರಕರು, “ಕಾದಂಬರಿ ಯಾರು ಕೇಳ್ತಾರೆ ಸಾರ್, ಎಲ್ಲಾರ್ಗೂ ಎಫ್‌ಡಿಎ ಎಸ್‌ಡಿಎ ಬುಕ್ಕೇ ಬೇಕು” ಎಂದರು. ಕೆಲಸ ಹುಡುಕುವ ಹುಡುಗ ಹುಡುಗಿಯರಿಗೆ ಆ ಪುಸ್ತಕಗಳು ಬೇಕು, ಅದರಲ್ಲಿ ಎರಡು ಮಾತಿ‍ಲ್ಲ. ಆದರೆ ಬೀಗ ಹಾಕಿದ ಬೀರುವಿನಲ್ಲಿ ಏನಿದೆ ಎಂದು ಗೊತ್ತಿಲ್ಲದವರು ಅದನ್ನು ಕೇಳುವುದಾದರೂ ಹೇಗೆ?

ಆದ್ದರಿಂದ ನನ್ನ ಕೋರಿಕೆಗಳು ಸಣ್ಣವು. ಗ್ರಂಥಾಲಯದ ಮೇಲ್ವಿಚಾರಕರೇ, ಆ ಬೀಗ ತೆಗೆಯಿರಿ. ಮುಖಪುಟ ಕಾಣುವಂತೆ ಹತ್ತು ಕಾದಂಬರಿಗಳನ್ನು ಮೇಜಿನ ಮೇಲೆ, ಪ್ರಶ್ನೆಪತ್ರಿಕೆಗಳ ಪಕ್ಕದಲ್ಲೇ ಇಡಿ. ಕನ್ನಡ ಮೇಷ್ಟ್ರೇ, ವಾರದಲ್ಲಿ ಒಂದು ಪಿರಿಯಡ್ ಗೌರಿ ಆನೆಯ ಕತೆಯನ್ನೋ ಮಂದಣ್ಣನ ಕತೆಯನ್ನೋ ಗಟ್ಟಿಯಾಗಿ ಓದಿ, ಗಂಟೆ ಹೊಡೆದಾಗ ಪುಸ್ತಕ ಮುಚ್ಚಿ, ಒಂದು ಪ್ರಶ್ನೆಯನ್ನೂ ಕೇಳಬೇಡಿ. ಓದು ಬಿಟ್ಟುಹೋಗಿದೆ ಎಂದು ಕೊರಗುವ ಗೆಳೆಯರೇ, ಓದಲೇಬೇಕು ಎಂದು ತಲೆದಿಂಬಿನ ಬಳಿ ಪೇರಿಸಿಟ್ಟಿರುವ ಪುಸ್ತಕಗಳನ್ನು ಸದ್ಯಕ್ಕೆ ಕಪಾಟಿಗೆ ಹಾಕಿ. ‘ಕರ್ವಾಲೊ’ ಎಲ್ಲ ಪುಸ್ತಕದಂಗಡಿಗಳಲ್ಲೂ ಸಿಗುತ್ತದೆ, ನೂರೈವತ್ತು ಪುಟದ ಆಸುಪಾಸಿನ ಪುಸ್ತಕ. ಮನೆಯಲ್ಲಿ ಇನ್ನೊಬ್ಬರಿದ್ದರೆ ಅವರಿಗೂ ಕೇಳುವಂತೆ ಓದಿ.